ಹಟ್ಟಿಗೆ ದಾರಿ ಬಿಟ್ಟ ವರ್ಷ

ಮೊನ್ನೆ ಹೊಲಿಗೆ ಮೆಷಿನ್ನು ಕಿರುಗುಟ್ಟತೊಡಗಿತು. ಮೆಷಿನ್ ಎಣ್ಣೆ ಮುಗಿದುಹೋಗಿತ್ತು. ಅಂಗಡಿಗೆ ಹೋಗಿ ಬರಲು ಬೇಜಾರಾಗಿ, ಅಡುಗೆಮನೆಯ ಡಬ್ಬಿಯ ತಳದಲ್ಲಿದ್ದ ಹಳೆಯ ಕೊಬ್ಬರಿ ಎಣ್ಣೆಗೇ ಬಟ್ಟೆಯ ಚೂರು ಅದ್ದಿ ಒರೆಸಿದೆ. ಕಬ್ಬಿಣಕ್ಕೆ ಕಮಟು ಕೊಬ್ಬರಿ ಎಣ್ಣೆ ತಾಗಿದ ವಾಸನೆ ಮೂಗಿಗೆ ಬಡಿದದ್ದೇ ಕೈ ಅಲ್ಲೇ ನಿಂತಿತು. ಅದು ನಮ್ಮ ಮಾವನವರ ಬಂದೂಕದ ವಾಸನೆ.

ನಾನು ತಿಪಟೂರಿನ ಕೊಬ್ಬರಿ ವ್ಯಾಪಾರಿಗಳ ಮನೆಯ ಮಗಳು. ಮದುವೆಯಾಗಿ ಹೋದದ್ದು ದಂಡಿನಶಿವರಕ್ಕೂ ಅಮ್ಮಸಂದ್ರಕ್ಕೂ ನಡುವೆ ಇರುವ ಹೊನ್ನೇಕಟ್ಟೆಗೆ. ಅಲ್ಲಿ ನಡುಮನೆಯ ಬಾಗಿಲ ಹಿಂದಿನ ಗೋಡೆಗೆ ಎರಡು ಗೂಟ ಹೊಡೆದು, ಅವುಗಳ ಮೇಲೆ ಮದ್ದು ತುಂಬಿ ಹೊಡೆಯುವ ಉದ್ದನೆಯ ಕೇಪಿನ ಬಂದೂಕ ಮಲಗಿಸಿದ್ದರು. ಮಾವನ ತಂದೆಯ ಕಾಲದಲ್ಲಿ ಕೋತಿ, ಹಂದಿ ಬೆದರಿಸಲೆಂದು ಲೈಸೆನ್ಸು ಮಾಡಿಸಿದ್ದಂತೆ. ಮಾವ ನಂಜುಂಡಪ್ಪನವರು ಆಗಾಗ ಅದನ್ನು ಇಳಿಸಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಆಯುಧಪೂಜೆಯ ದಿನ ನೇಗಿಲು, ಮಚ್ಚು, ಕುಡುಗೋಲುಗಳ ಜೊತೆ ಅದಕ್ಕೂ ಕುಂಕುಮವಿಡುತ್ತಿದ್ದೆವು. ಅದು ಮನುಷ್ಯರ ಮೇಲೆ ತಿರುಗಬಹುದೆಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಹಾಗೆ ಯೋಚಿಸುವಂತೆ ಮಾಡಿದ್ದು ಎಂಬತ್ತೇಳನೇ ಇಸವಿ. ಆ ವರ್ಷ ನಮ್ಮೂರಿನಲ್ಲಿ ಆದದ್ದನ್ನೂ ನಾವು ಮಾಡಿದ್ದನ್ನೂ ನೆನೆದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಮಂಡಲ ಪಂಚಾಯ್ತಿಗಳು ಹೊಸದಾಗಿ ಬಂದ ವರ್ಷ ಅದು. ಹೆಂಗಸರಿಗೂ ಕೆಲವು ಸ್ಥಾನ ಬಿಡಬೇಕೆಂದಾಗ ನಮ್ಮೂರಿನವರು ಯಾರನ್ನು ನಿಲ್ಲಿಸುವುದೆಂದು ಪರದಾಡಿದರು. ಕೊನೆಗೆ ಮಾವನೇ, ನಮ್ಮ ಗಿರಿಜ ಎಸ್ಸೆಸ್ಸೆಲ್ಸಿ ಓದಿದ್ದಾಳೆ, ನಿಲ್ಲಲಿ ಎಂದುಬಿಟ್ಟರು. ಗೆದ್ದೆ. ರುಜು ಹಾಕಿ ಕಾಫಿ ಕುಡಿದು ಬರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಸೇರಿ. ಮಂಡಲದ ಪ್ರಧಾನರಾದವರು ರಂಗಪ್ಪ ಮೇಷ್ಟ್ರು. ಸುತ್ತಲಿನ ಊರು, ಹಟ್ಟಿಗಳ ಎರಡು ತಲೆಮಾರಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಯಾರು ಎಷ್ಟೇ ಕೂಗಾಡಿದರೂ ಅವರು ಮುಗಿಸುವವರೆಗೆ ಕಾದು, ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಿದ್ದರು.

ನಮ್ಮ ಕಡೆ ತೆಂಗಿನಕಾಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷವೇ ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಅದು ಕೊಬ್ಬರಿ. ಒಂದು ಸಂಸಾರದ ವರ್ಷದ ದುಡಿಮೆಯೆಲ್ಲ ಒಂದು ಅಟ್ಟದ ಮೇಲೆ, ಒಂದು ಬೀಗದ ಹಿಂದೆ ಇರುತ್ತದೆ. ಆ ಬೇಸಿಗೆಯಲ್ಲಿ ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಬೆಲೆ ಏರಿತು. ಬೆಲೆಯ ಹಿಂದೆಯೇ ಕಳ್ಳರೂ ಬಂದರು. ಮಾಯಸಂದ್ರದ ಕಡೆ ಒಂದು ತೋಟದ ಮನೆಯ ಹೆಂಚು ತೆಗೆದು ಅಟ್ಟ ಬರಿದು ಮಾಡಿದರಂತೆ ಎಂದು ಸುದ್ದಿ ಬಂತು. ಆಮೇಲೆ ನಮ್ಮೂರಿನಲ್ಲೇ ಎರಡು ತೋಟದಲ್ಲಿ ರಾಶಿ ಹಾಕಿದ್ದ ಕಾಯಿ ಬೆಳಗಾಗುವುದರೊಳಗೆ ಮಾಯವಾಯಿತು.

ಗೋಡೆಯ ಮೇಲಿದ್ದ ಬಂದೂಕಗಳು ಇಳಿದವು. ಲೈಸೆನ್ಸು ಇಲ್ಲದವರು ಎಲ್ಲಿಂದಲೋ ಕಳ್ಳ ಬಂದೂಕ ತಂದರು. ಸಂಜೆಯಾದರೆ ತೋಟಗಳಿಂದ ಸುಮ್ಮಸುಮ್ಮನೆ ಢಂ ಎನ್ನಿಸುವರು, ನಾವು ಎದ್ದಿದ್ದೇವೆ ಎಂದು ಕಳ್ಳರಿಗೆ ತಿಳಿಯಲಿ ಅಂತ. ಕಳ್ಳರಿಗೆ ತಿಳಿಯಿತೋ ಇಲ್ಲವೋ, ನಮ್ಮ ಮಕ್ಕಳಂತೂ ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲು ಅಳತೊಡಗಿದವು.

ಮಂಡಲದ ಸಭೆಯಲ್ಲಿ ನಲ್ಲಿ, ಚರಂಡಿಯ ಮಾತು ಹಿಂದೆ ಬಿದ್ದು ಕಳ್ಳತನದ ಮಾತೇ ಮುಂದೆ ಬಂತು. ತೋಟದವರಿಗೆಲ್ಲ ಬಂದೂಕದ ಲೈಸೆನ್ಸು ಕೊಡಿ ಎಂದು ಮಂಡಲವೇ ಮೇಲಿನವರಿಗೆ ಶಿಫಾರಸು ಮಾಡಬೇಕೆಂದು ಹೆಚ್ಚಿನ ಸದಸ್ಯರು ಹಟ ಹಿಡಿದರು. ಮೇಷ್ಟ್ರು ಎಲ್ಲರ ಮಾತೂ ಮುಗಿಯಲೆಂದು ಕಾದು, "ಬಂದೂಕ ಇಳಿಸ್ಕಂಡ ಮನೇಲಿ ಯಾರು ಸುಖವಾಗಿ ನಿದ್ದೆ ಮಾಡ್ತಾವ್ರೆ, ಹೇಳ್ರಪ್ಪ" ಎಂದು ಕೇಳಿದರು. ತೀರ್ಮಾನವಾಗದೆ ಸಭೆ ಎದ್ದಿತು.

ಭರಣಿ ಮಳೆಯ ಮೊದಲ ಹನಿ ಬಿದ್ದ ವಾರ. ಹೆಸರುಕಾಳು ಬಿತ್ತಲು ಎಲ್ಲರೂ ನೇಗಿಲು ಹೂಡಿದ್ದರು. ಊಟ ಮುಗಿಸಿ ಪಾತ್ರೆ ಎತ್ತಿಡುತ್ತಿದ್ದಾಗ ಹತ್ತಿರದ ತೋಟದಿಂದ ಸದ್ದು ಬಂತು. ದಿನಾ ಕೇಳಿ ರೂಢಿಯಾಗಿದ್ದ ಸದ್ದೇ. ಆದರೆ ಅದರ ಹಿಂದೆಯೇ ಮನುಷ್ಯನ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ನನ್ನ ಮೈದುನ ಪರಮೇಶ ಅಂಗಳಕ್ಕೆ ಓಡಿಬಂದ. ನಮ್ಮವರ ಚಿಕ್ಕಪ್ಪನ ಮಗ, ಇನ್ನೂ ಮದುವೆಯಾಗದ ಹುಡುಗ, ನಮ್ಮ ಪಕ್ಕದ ತೋಟ ಅವನದು. ಕೈಯಲ್ಲಿ ಬಂದೂಕ ಇತ್ತು. ಅದನ್ನು ಕೆಳಗಿಡಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ.

"ಅತ್ಗೆ, ಕಳ್ಳ ಅಂದ್ಕಂಡೆ ಕಣತ್ಗೆ. ಚೀಲ ಹೊತ್ಕಂಡಿದ್ದ" ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳಿದ.

ಗುಂಡು ತಗುಲಿದ್ದು ಮರಡಿಹಟ್ಟಿಯ ಜುಂಜಣ್ಣನಿಗೆ. ನಮ್ಮೂರಿನ ತೋಟಗಳ ಸಾಲು ದಾಟಿದರೆ ಅವರ ಹಟ್ಟಿ. ಕುರಿ ಸಾಕಿಕೊಂಡು, ಹೊಲ ಉಳುಮೆ ಮಾಡಿಕೊಂಡು ಇರುವವರು. ಜುಂಜಣ್ಣ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೂಲಿ ಮಾಡುತ್ತಿದ್ದ. ಪಾಳಿ ಮುಗಿಸಿ, ಬಸ್ಸಿಳಿದು, ತೋಟದೊಳಗಿಂದ ಹಟ್ಟಿಗೆ ಹೋಗುತ್ತಿದ್ದ. ಹೆಗಲ ಮೇಲಿನ ಚೀಲದಲ್ಲಿ ಇದ್ದದ್ದು ಮರಿ ಹಾಕಿದ ಕುರಿಗಳಿಗೆಂದು ತಂದ ಹಿಂಡಿ. ಲಾಟೀನು ಹಿಡಿದು ನಮ್ಮವರ ಹಿಂದೆ ಓಡಿದ ನಾನು, ಅದು ನೆಲದ ಮೇಲೆ ಚೆಲ್ಲಿದ್ದನ್ನು ಕಂಡೆ. ನಮ್ಮವರೂ ಇನ್ನೂ ನಾಲ್ಕು ಜನರೂ ಅವನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಕಾಯಿ ತುಂಬಿಕೊಂಡು ಹೋಗುತ್ತಿದ್ದ ಲಾರಿಯನ್ನು ಅಡ್ಡಗಟ್ಟಿ ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ಸೀಸದ ಗುಂಡುಗಳು ಮೊಣಕಾಲಿನ ಸುತ್ತ ಹೊಕ್ಕಿದ್ದವು.

ಬೆಳಗಾಗುವ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಬಂಧುಗಳೆಲ್ಲ ಸೇರಿದ್ದರು. ಅವನು ತೋಟಕ್ಕೆ ನುಗ್ಗಿದ್ದು ನಿಜ, ಹೆಗಲ ಮೇಲೆ ಚೀಲ ಇದ್ದದ್ದೂ ನಿಜ, ಆದ್ದರಿಂದ ಕಳ್ಳನೆಂದು ಹೇಳಿಬಿಟ್ಟರೆ ಪರಮೇಶ ಉಳಿದುಕೊಳ್ಳುತ್ತಾನೆ ಎಂಬುದು ಅವರ ಲೆಕ್ಕಾಚಾರ. ಹಾಗೆ ಹೇಳಬೇಕಾದವಳು ನಾನು. ಮಂಡಲದ ಮೆಂಬರು, ಅದೂ ಹೆಂಗಸು, ಪೊಲೀಸರು ನಂಬುತ್ತಾರೆ ಎಂದರು. ಪರಮೇಶನ ತಾಯಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಆ ಮನೆಯಲ್ಲಿ ಹಿರಿಯರೆದುರು ನಾನು ಗಟ್ಟಿಯಾಗಿ ಮಾತಾಡಿದವಳಲ್ಲ. ಆದರೂ ಹೇಳಿದೆ: "ಚೀಲದಲ್ಲಿ ಹಿಂಡಿ ಇತ್ತು. ನಾನೇ ಕಣ್ಣಾರೆ ನೋಡಿದೀನಿ. ಅವನನ್ನ ಕಳ್ಳ ಅಂತ ನಾನು ಹೇಳಲ್ಲ. ಪರಮೇಶನಿಗೂ ಅದು ಒಳ್ಳೇದಲ್ಲ."

ಯಾರೋ ಒಬ್ಬರು, ಓಟು ಹಾಕಿ ಗೆಲ್ಲಿಸಿದ್ದು ಇದಕ್ಕೇನಾ ಎಂದರು. ಅಲ್ಲಿಯವರೆಗೂ ಕಂಬಕ್ಕೊರಗಿ ಕೂತಿದ್ದ ಮಾವ ಎದ್ದು ನಿಂತರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಏಳ್ಲಾ ಪರಮೇಶ, ಮುಖ ತೊಳ್ಕಾ. ಠಾಣೆಗೋಗನ. ಏನಾತು ಅಂತ ಇದ್ದದ್ನ ಇದ್ದಂಗೆ ಹೇಳು, ನಾನೂ ಬತ್ತೀನಿ" ಎಂದರು. ಇಬ್ಬರೂ ಹೊರಟರು. ಹುಡುಗನ ಬಂದೂಕವನ್ನು ಮಾವನೇ ಕಂಬಳಿಯಲ್ಲಿ ಸುತ್ತಿ ಹಿಡಿದುಕೊಂಡರು.

ಆಸ್ಪತ್ರೆಯ ಮುಂದೆ ಹಟ್ಟಿಯ ಜನ ನೆರೆದಿದ್ದರು. ಜುಂಜಣ್ಣನ ಅಣ್ಣ ಕರಿಯಣ್ಣ ಕಾಂಪೌಂಡಿನ ಮೇಲೆ ಕೂತಿದ್ದ. ಹೊನ್ನೇಕಟ್ಟೆಯವರಿಗೊಬ್ಬರಿಗೇ ಬಂದೂಕ ಸಿಗೋದಾ ಎಂದು ಅವನು ಅಂದದ್ದು ಮಧ್ಯಾಹ್ನದೊಳಗೆ ನಮ್ಮೂರು ತಲುಪಿತ್ತು. ಸಂಜೆಯ ಹೊತ್ತಿಗೆ, ಅವನ ಹತ್ತಿರ ಈಗಾಗಲೇ ಒಂದಿದೆ ಎಂಬ ಸುದ್ದಿಯೂ ಬಂತು. ಪರಮೇಶನನ್ನು ಪೊಲೀಸರು ಹಿಡಿದಿಟ್ಟುಕೊಂಡಿದ್ದರು. ಆದರೆ ಅವನ ಅಣ್ಣ ತಮ್ಮಂದಿರು, ನಮ್ಮವರು, ನನ್ನ ಮಕ್ಕಳು ಎಲ್ಲರೂ ಊರಲ್ಲೇ ಇದ್ದೆವಲ್ಲ.

ಮೇಷ್ಟ್ರು ಅಂದೇ ಸದಸ್ಯರನ್ನು ಕರೆದರು. ಕೇಸು ಪೊಲೀಸರದು, ಗಾಯ ಡಾಕ್ಟರದು, ಇನ್ನೊಂದು ಗುಂಡು ಹಾರದಂತೆ ನೋಡಿಕೊಳ್ಳುವುದು ಮಾತ್ರ ನಮ್ಮದು ಎಂದರು. ಅದಕ್ಕೆ ನಮ್ಮ ಹತ್ತಿರ ಇರುವ ಅಧಿಕಾರವೇನು ಎಂದು ಒಬ್ಬರು ಕೇಳಿದಾಗ, "ಹೋಗಿ ಆ ಆಸ್ಪತ್ರೆ ಜಗಲಿ ಮೇಲೆ ಕೂತ್ಕಳೋದಕ್ಕೆ ಯಾವ ಅಧಿಕಾರ ಬೇಕು" ಎಂದರು.

ನನ್ನ ತವರುಮನೆ ಆಸ್ಪತ್ರೆಗೆ ಹತ್ತಿರವೇ. ಅಲ್ಲೇ ಉಳಿದುಕೊಂಡು ದಿನಾ ಎರಡು ಹೊತ್ತು ಮುದ್ದೆ, ಸಾರು ಮಾಡಿ ತೆಗೆದುಕೊಂಡು ಹೋಗುತ್ತಿದ್ದೆ. ಜುಂಜಣ್ಣನ ತಾಯಿ ಈರಮ್ಮ ಮೊದಲು ಮುಟ್ಟಲಿಲ್ಲ. ನಿಮ್ಮೋರೇ ಹೊಡೀತಾರೆ, ನೀವೇ ಉಣ್ಣಕ್ಕಿಕ್ತೀರಿ ಎಂದು ಮುಖ ತಿರುಗಿಸಿದರು. ನಾನು ಪಾತ್ರೆ ಅಲ್ಲೇ ಇಟ್ಟು ಅವರ ಪಕ್ಕ ಕೂತೆ. ಮಾರನೆಯ ದಿನವೂ ಹಾಗೆಯೇ. ಹೊಟ್ಟೆ ಹಸಿದಿತ್ತೋ, ನನ್ನ ಹಟ ನೋಡಿ ಬೇಸತ್ತರೋ, ಒಂದು ದಿನ ಮುದ್ದೆ ಮುರಿದರು. ತಿನ್ನುತ್ತ ತಿನ್ನುತ್ತಲೇ ಕೇಳಿದರು:

"ನನ್ ಮಗ ತ್ವಾಟದೊಳ್ಗೆ ಯಾಕ್ ಬಂದ ಅಂತ ಎಲ್ರೂ ಕೇಳ್ತಾರೆ. ಇನ್ನೆಲ್ಲಿಂದ ಬರಬೇಕಿತ್ತು ಅಂತ ಒಬ್ರಾನ ಕೇಳ್ತಾರೇನವ್ವ?"

ಅವರೇ ಹೇಳಿದರು. ತಾವು ಮದುವೆಯಾಗಿ ಬಂದಾಗ ಹಟ್ಟಿಯಿಂದ ಬಸ್ಸಿನ ರಸ್ತೆಗೆ ಬಂಡಿ ದಾರಿ ಇತ್ತಂತೆ. ತಮ್ಮ ಮದುವೆಯ ಗಾಡಿ ಅದರ ಮೇಲೇ ಬಂದದ್ದಂತೆ. ತೆಂಗಿನ ಬೆಲೆ ಏರಿದ ಹಾಗೆಲ್ಲ ಆ ಕಡೆಯವರು ಒಂದು ಸಾಲು, ಈ ಕಡೆಯವರು ಒಂದು ಸಾಲು ಸಸಿ ನೆಡುತ್ತ ಬಂದು ದಾರಿ ತೋಟಗಳೊಳಗೆ ಸೇರಿಹೋಯಿತು. ಹಟ್ಟಿಯವರು ಸ್ಕೂಲಿಗೆ, ಸಂತೆಗೆ, ಆಸ್ಪತ್ರೆಗೆ, ಪಾಳಿಗೆ ಎಲ್ಲಕ್ಕೂ ಯಾರದ್ದಾದರೂ ತೋಟ ದಾಟಲೇಬೇಕು. ಹಗಲು ಬೈಗುಳ ತಿಂದು ದಾಟುತ್ತಿದ್ದರು. ಕತ್ತಲಾದ ಮೇಲೆ ಈಗ ಗುಂಡು.

ಅದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಆ ದಾರಿಯಲ್ಲಿ ತಾವೂ ಹಟ್ಟಿಯ ಮಕ್ಕಳನ್ನು ಶಾಲೆಗೆ ಕರೆತರಲು ಹೋಗುತ್ತಿದ್ದುದು ಅವರಿಗೆ ನೆನಪಿತ್ತು. ಆ ಮಕ್ಕಳಲ್ಲಿ ಕರಿಯಣ್ಣನೂ ಒಬ್ಬ. ಸಂಜೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ಅವನನ್ನು ಕೂರಿಸಿಕೊಂಡರು. ನಾನೂ ಹತ್ತಿರದಲ್ಲಿದ್ದೆ. ಬಂದೂಕ ಇದೆಯಾ ಎಂದು ಮೇಷ್ಟ್ರು ಕೇಳಲಿಲ್ಲ. ಅವನೂ ಇಲ್ಲವೆನ್ನಲಿಲ್ಲ.

"ಕೇಸು ಮುಚ್ಚಾಕಕ್ಕೆ ಬುಡಲ್ಲ. ಆ ಮಾತು ನಂದು" ಎಂದರು ಮೇಷ್ಟ್ರು. "ನಿಮ್ ಹಟ್ಟಿಗೆ ದಾರಿ ಮಾಡುಸ್ತೀನಿ. ಒಂದು ಮಳೆಗಾಲ ಕೊಡು ನಂಗೆ."

"ಮಾಡ್ಸಕ್ಕೆ ಆಗ್ದಿದ್ರೆ?"

"ಆಗ ನನ್ನ ಮನೆ ಬಾಗ್ಲಿಗೆ ಬಾ. ಬೇರೆಯೋರ ಮನೇಗೋಗ್ಬ್ಯಾಡ."

ಕರಿಯಣ್ಣ ಎದ್ದು ತಮ್ಮನ ವಾರ್ಡಿಗೆ ಹೋದ. ಒಪ್ಪಿದನೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಆದರೆ ಆ ವಾರ ಏನೂ ಆಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ.

ಮಂಡಲದ ಸಭೆಯನ್ನು ಆಫೀಸಿನಲ್ಲಿ ನಡೆಸದೆ ಕೆರೆ ಏರಿಯ ಅರಳಿಕಟ್ಟೆಯ ಹತ್ತಿರ ಕರೆದರು. ಊರು, ಹಟ್ಟಿ ಎರಡೂ ಕಡೆಯ ಜನ ಬರಲಿ ಅಂತ. ಊರಿನವರು ಕಟ್ಟೆಯ ಈಚೆ, ಹಟ್ಟಿಯವರು ಆಚೆ, ನಡುವೆ ಬಂಡಿ ಹೋಗುವಷ್ಟು ಜಾಗ ಖಾಲಿ ಬಿಟ್ಟು ಕೂತರು. ಮೇಷ್ಟ್ರು ಮಂಡಲದ ಪರವಾಗಿ ಮೂರು ಮಾತು ಇಟ್ಟರು. ಹಳೆಯ ಬಂಡಿ ದಾರಿಯನ್ನು ಬಿಡಿಸಿ, ಗರಸು ಮಣ್ಣು ಹೊಡೆಸಿ, ದೀಪದ ಕಂಬ ಹಾಕಿಸುವುದು. ಕೊಬ್ಬರಿ ಮಾರಾಟವಾಗುವವರೆಗೆ ಎಲ್ಲ ತೋಟಗಳಿಗೂ ಸೇರಿ ಮಂಡಲದ್ದೇ ಒಂದು ಕಾವಲು. ಆ ಕಾವಲಿನವರ ಕೈಯಲ್ಲಿ ಸೀಟಿ, ಟಾರ್ಚು, ಕೋಲು ಮಾತ್ರ. ಊರಿನ ಬಂದೂಕಗಳೆಲ್ಲ ಠಾಣೆಯಲ್ಲಿ ಜಮಾ.

ಗಲಾಟೆ ಎದ್ದಿತು. ದಾರಿಗೆ ತಮ್ಮ ಮರಗಳನ್ನು ಕಡಿಯಬೇಕಲ್ಲ ಎಂದು ತೋಟದವರು. ಬಂದೂಕ ಒಪ್ಪಿಸಿ ಬಳೆ ತೊಟ್ಟುಕೊಂಡು ಕೂರಬೇಕಾ ಎಂದು ಒಬ್ಬರು ಕೇಳಿದರು. ಬಳೆ ತೊಟ್ಟವಳು ನಾನು ಅಲ್ಲೇ ಕೂತಿದ್ದೆ. ಕಾವಲಿಗೆ ಯಾರು ಎಂಬ ಪ್ರಶ್ನೆ ಬಂದಾಗಲಂತೂ ಇನ್ನೂ ಬಿಸಿಯಾಯಿತು. ಊರಿನ ಹುಡುಗರ ಜೊತೆ ಹಟ್ಟಿಯ ಹುಡುಗರೂ ಇರಬೇಕೆಂದು ಮೇಷ್ಟ್ರು ಹೇಳಿದ್ದರು. ಕಾಯಿ ಕಳುವಾದಾಗಲೆಲ್ಲ ನಮ್ಮೂರಿನವರು ಬೆರಳು ತೋರಿಸುತ್ತಿದ್ದುದೇ ಹಟ್ಟಿಯ ಕಡೆಗೆ. ಅದನ್ನು ಕೇಳಿ ಹಟ್ಟಿಯ ಕಡೆಯಿಂದಲೂ ನಾಲ್ಕೈದು ಜನ ಎದ್ದು ನಿಂತರು.

ನಾನು ಎದ್ದೆ. ಏನು ಮಾತಾಡಬೇಕೆಂದು ಮನೆಯಲ್ಲಿ ಹೇಳಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಕಂಡದ್ದನ್ನೇ ಹೇಳಿದೆ. "ಈ ಬೇಸಿಗೇಲಿ ಇಷ್ಟು ಬಂದೂಕ ಹಾರಿದ್ವಲ್ಲ, ಒಬ್ಬ ಕಳ್ಳನಾದ್ರೂ ಸಿಕ್ಕಿದ್ನಾ? ಗುಂಡು ಬಿದ್ದಿದ್ದು ಕೂಲಿ ಮಾಡ್ಕೊಂಡು ಮನೆಗೆ ಹೋಗೋನಿಗೆ. ಜೈಲಿಗೆ ಹೋಗಿದ್ದು ನಮ್ಮನೆ ಹುಡುಗ. ಇಬ್ಬರು ತಾಯಂದಿರನ್ನೂ ನಾನು ನೋಡ್ತಾನೇ ಇದೀನಿ. ಮೂರನೇಯೋರನ್ನ ನೋಡಕ್ಕೆ ನನ್ನ ಕೈಲಾಗಲ್ಲ."

ಆಗ ಮಾವ ಎದ್ದರು. ಬಂಡಿ ದಾರಿ ಹೆಚ್ಚಾಗಿ ಮುಚ್ಚಿಹೋಗಿದ್ದದ್ದು ನಮ್ಮ ತೋಟದಲ್ಲಿಯೇ. ಅದರ ಮೇಲೆ ಒಂದು ಸಾಲು ಮರ, ನಮ್ಮವರು ಹುಟ್ಟಿದ ವರ್ಷ ಮಾವ ಕೈಯಾರೆ ನೆಟ್ಟವು. ಬರಗಾಲದಲ್ಲಿ ಕೊಡದಲ್ಲಿ ನೀರು ಹೊತ್ತು ಉಳಿಸಿದ ಮರಗಳು.

"ನಮ್ಮನೆ ಬಂದೂಕ ನಾಳೆ ಠಾಣೆಗೋಯ್ತದೆ" ಎಂದರು. "ಮರ ನಾಡಿದ್ದು. ಮಿಕ್ಕೋರು ಅವರವರ ಮನಸ್ಸಿಗೆ ಬಂದಂಗೆ ಮಾಡ್ಲಿ."

ಅಷ್ಟು ಹೇಳಿ ಮನೆಗೆ ಹೊರಟುಬಿಟ್ಟರು. ನಾನು ಸೊಸೆಯಾಗಿ ಬಂದು ಅಷ್ಟು ವರ್ಷವಾದ ಮೇಲೆ, ಅವರ ಬೆನ್ನು ನೋಡುತ್ತ ನಿಂತಾಗ, ಇವರು ನನ್ನ ಮಾವ ಎಂದು ಆ ಜನರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ಹೇಳಿದ ಹಾಗೆಯೇ ಮೂರನೆಯ ದಿನ ಮರಗಳು ಉರುಳಿದವು. ಕೊಡಲಿ ಬೀಳುವಾಗ ಮಾವ ಅಲ್ಲೇ ನಿಂತಿದ್ದರು. ಅತ್ತೆ ಮಾತ್ರ ಒಳಗೆ ಬಾಗಿಲು ಹಾಕಿಕೊಂಡು ಕೂತರು. ತೆಂಗಿನ ಮರ ಬಿದ್ದರೆ ಅದರ ಸುಳಿಯೊಳಗೆ ಬೆಳ್ಳಗೆ, ಸಿಹಿಯಾದ ತಿರುಳು ಇರುತ್ತದೆ. ಮರ ಸತ್ತಾಗಲೇ ಸಿಗುವ ತಿಂಡಿ ಅದು. ಮಾವ ಅದನ್ನು ಬಿಡಿಸಿ ತಾವೇ ಚೂರು ಮಾಡಿ, ಕೆಲಸಕ್ಕೆ ಬಂದಿದ್ದ ಊರಿನವರಿಗೂ ಹಟ್ಟಿಯವರಿಗೂ ಹಂಚಿದರು. ಕರಿಯಣ್ಣನ ಮುಂದೆ ಹಿಡಿದಾಗ ಅವನು ಕೊಡಲಿ ಕೆಳಗಿಟ್ಟು ಕೈ ಒಡ್ಡಿದ. ನಮ್ಮ ತೋಟದ ಮರ ಬಿದ್ದ ಮೇಲೆ ಬೇರೆಯವರು ಗೊಣಗಿದರೂ ತಡೆಯಲಿಲ್ಲ. ಬಂದೂಕಗಳೂ ಒಂದೊಂದಾಗಿ ಹೋದವು. ಠಾಣೆಯ ಸಬ್ ಇನ್ಸ್‌ಪೆಕ್ಟರು ಒಳ್ಳೆಯವರು. ಲೈಸೆನ್ಸು ಇದ್ದವಕ್ಕೆ ರಸೀದಿ ಕೊಟ್ಟರು. ಇಲ್ಲದವನ್ನು ತಾವಾಗಿಯೇ ತಂದೊಪ್ಪಿಸಿದವರನ್ನು ಗೋಳಾಡಿಸುವುದಿಲ್ಲ ಎಂದು ಮೇಷ್ಟ್ರಿಗೆ ಮಾತು ಕೊಟ್ಟರು.

ಆ ಮುಂಗಾರು ಚೆನ್ನಾಗಿ ಹಿಡಿಯಿತು. ಹೆಸರು ಹೂ ಬಿಟ್ಟಿತ್ತು. ಮಳೆ ಬಿಡುವು ಕೊಟ್ಟಾಗಲೆಲ್ಲ ಟ್ರ್ಯಾಕ್ಟರಿನಲ್ಲಿ ಗರಸು ಬಂದು ಬೀಳುತ್ತಿತ್ತು. ಒಮ್ಮೆ ಸುರಿದದ್ದೆಲ್ಲ ಮಳೆಗೆ ಕೊಚ್ಚಿಹೋಗಿ ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ದೀಪದ ಕಂಬಕ್ಕೆಂದು ಮೇಷ್ಟ್ರೂ ನಾನೂ ತುರುವೇಕೆರೆಯ ಕರೆಂಟ್ ಆಫೀಸಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆಯಿತು. ಬೇರೆ ಕೆಲಸಕ್ಕೆ ಬಂದವರು ಬೆಂಚಿನ ಮೇಲೆ ಜಾಗ ಬಿಡುವಷ್ಟು ಪರಿಚಿತರಾದೆವು. ಕೊನೆಗೆ ಕಂಬ ಬಂದಾಗ, ಅದನ್ನು ಹೂಳಲು ಗುಂಡಿ ತೆಗೆದವರು ಹಟ್ಟಿಯ ಹೆಂಗಸರು.

ಕಾವಲು ಶುರುವಾಗಿತ್ತು. ಊರಿನ ಒಬ್ಬ, ಹಟ್ಟಿಯ ಒಬ್ಬ ಹೀಗೆ ಜೋಡಿ ಜೋಡಿಯಾಗಿ ತಿರುಗುತ್ತಿದ್ದರು. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡದೆ ಹತ್ತು ಮಾರು ದೂರದಲ್ಲಿ ನಡೆಯುತ್ತಿದ್ದರಂತೆ. ಬೀಡಿಗೆ ಬೆಂಕಿ ಬೇಕಾಗಿ ಹತ್ತಿರ ಬಂದರು ಎಂದು ನಮ್ಮವರು ನಗುತ್ತಿದ್ದರು. ತೋಟದವರಿಗೆ ಮಾತ್ರ ಒಳಗೊಳಗೇ ಅನುಮಾನ. ಒಂದು ಕಾಯಿ ಹೋದರೂ ಸಾಕು, ಬಂದೂಕ ವಾಪಸು ತರೋಣ ಎಂದು ಕಾಯುತ್ತಿದ್ದವರೂ ಇದ್ದರು.

ಒಂದು ಬೆಳಗ್ಗೆ ನಾನು ಅಂಗಳ ಗುಡಿಸುತ್ತಿರುವಾಗ ಬೀದಿಯಲ್ಲಿ ಜನ ಓಡುತ್ತಿದ್ದರು. ಕೆರೆ ಕೋಡಿಯ ಹತ್ತಿರ ಒಂದು ಟೆಂಪೋ ಕೆಸರಿನಲ್ಲಿ ಹೂತು ನಿಂತಿತ್ತು. ಅದರೊಳಗೆ ನಮ್ಮೂರಿನ ಅಟ್ಟವೊಂದರ ಕಾಯಿ. ಬೆಳಕು ಹರಿಯುವ ಮುಂಚೆ ಕರಿಯಣ್ಣನೂ ಪರಮೇಶನ ತಮ್ಮನೂ ಕಾವಲಿಗಿದ್ದರು. ಟೆಂಪೋಕ್ಕೆ ಕಾಯಿ ಸುರಿಯುವ ಸದ್ದು ಕೇಳಿ ಸೀಟಿ ಊದಿದ್ದಾರೆ. ಒಂದು ಸೀಟಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಸೇರಿ ಊರೂ ಹಟ್ಟಿಯೂ ಎದ್ದು ಬಂದಿವೆ. ಎಲ್ಲಿಂದಲೋ ಬಂದಿದ್ದ ನಾಲ್ವರು, ಯಾರಿಗೂ ಗುರುತಿಲ್ಲದವರು, ಟೆಂಪೋದಲ್ಲಿ ಹೊಸ ದಾರಿ ಹಿಡಿಯಲು ಹೋಗಿ ಇನ್ನೂ ಗಟ್ಟಿಯಾಗದ ಗರಸಿನಲ್ಲಿ ಸಿಕ್ಕಿಕೊಂಡಿದ್ದಾರೆ. ನಾನು ಹೋಗುವಾಗ ಅವರನ್ನು ಅರಳಿಕಟ್ಟೆಯ ಮೇಲೆ ಕೂರಿಸಿದ್ದರು. ಹೊಡೆಯಲು ಹೋದವರನ್ನು ಕರಿಯಣ್ಣನೇ ತಡೆದು ನಿಂತಿದ್ದ. ಪೊಲೀಸರು ಬರುವವರೆಗೆ ಯಾರೋ ಅವರಿಗೆ ನೀರನ್ನೂ ಕೊಟ್ಟರು. ಆ ದಿನ ಒಂದೇ ಒಂದು ಗುಂಡು ಹಾರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ನಮ್ಮೂರಿಗೆ ಅಷ್ಟು ದಿನ ಬಂದೂಕ ಕೊಡಲಾಗದ್ದನ್ನು ಎರಡು ಸೀಟಿ ಕೊಟ್ಟಿದ್ದವು.

ಮಾರನೆಯ ದಿನ ಕರಿಯಣ್ಣ ಮಂಡಲದ ಆಫೀಸಿಗೆ ಬಂದ. ಕಂಬಳಿಯಲ್ಲಿ ಸುತ್ತಿದ್ದ ಉದ್ದನೆಯ ಗಂಟನ್ನು ಮೇಷ್ಟ್ರ ಮೇಜಿನ ಮೇಲಿಟ್ಟ. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ.

"ಮಳೆಗಾಲ ಇನ್ನೂ ಮುಗ್ದಿಲ್ಲ ಕಣಪ್ಪ" ಎಂದರು ಮೇಷ್ಟ್ರು.

"ದಾರಿ ಮುಗೀತಲ್ಲ ಮೇಷ್ಟ್ರೇ" ಎಂದ ಅವನು.

ಇಬ್ಬರೂ ಜೊತೆಯಾಗಿ ಠಾಣೆಗೆ ಹೋದರು. ಅವರು ಹೋದ ಮೇಲೆ ನಾನು ಆ ಖಾಲಿ ಆಫೀಸಿನಲ್ಲಿ ಕೂತು ಅತ್ತೆ. ಅಷ್ಟು ದಿನ ಬಂದಿರದ ಅಳು ಆಗ ಬಂತು.

ಅಕ್ಕಪಕ್ಕದ ಮಂಡಲಗಳವರು ನಮ್ಮ ಕಾವಲನ್ನು ನೋಡಲು ಬಂದರು. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದ ಒಬ್ಬ ಪ್ರಧಾನರು, ಲೈಸೆನ್ಸಿಗೆ ಶಿಫಾರಸು ಕೇಳುವವರಿಗೆ ನೀವು ಏನು ಹೇಳುತ್ತೀರಿ ಎಂದು ಕೇಳಿದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, ಗಿರಿಜಮ್ನೋರನ್ನ ಕೇಳಿ ಎಂದರು. ಈಗ ಯಾರೂ ಕೇಳಲು ಬರುವುದಿಲ್ಲ ಎಂದೆ. ನಿಜವಾಗಿಯೂ ಯಾರೂ ಬರುತ್ತಿರಲಿಲ್ಲ. ಠಾಣೆಯಿಂದ ಬಂದೂಕ ವಾಪಸು ತರಬಹುದಾದ ಕಾಲ ಬಂದಾಗಲೂ ಹೆಚ್ಚಿನವರು ಅದರ ಗೊಡವೆಗೇ ಹೋಗಲಿಲ್ಲ. ಮಾವನಂತೂ ಲೈಸೆನ್ಸನ್ನೇ ಹಿಂದಿರುಗಿಸಿದರು. ಗೋಡೆಯ ಆ ಗೂಟಗಳಿಗೆ ನಾನು ಮಕ್ಕಳ ಶಾಲೆಯ ಚೀಲ ನೇತುಹಾಕುತ್ತಿದ್ದೆ. ನಾನು ಮೆಂಬರಾಗಿದ್ದಷ್ಟು ಕಾಲವೂ, ಆಮೇಲೂ, ನಮ್ಮ ಮಂಡಲದಲ್ಲಿ ಮನುಷ್ಯರ ಮೇಲೆ ಗುಂಡು ಹಾರಿದ್ದನ್ನು ನಾನು ಕೇಳಲಿಲ್ಲ.

ಪರಮೇಶನಿಗೆ ಜಾಮೀನು ಸಿಕ್ಕಿತ್ತು. ಕೇಸು ಬಹಳ ಕಾಲ ನಡೆದು ಅವನಿಗೆ ಶಿಕ್ಷೆಯೂ ಆಯಿತು. ಮೇಲಿನ ಕೋರ್ಟಿಗೆ ಹೋಗುವುದಿಲ್ಲವೆಂದು ಅವನೇ ಹೇಳಿದ. ಅದು ಆಮೇಲಿನ ಮಾತು. ಆ ಮಳೆಗಾಲದಲ್ಲಿ ಅವನು ದಾರಿ ಕೆಲಸಕ್ಕೆ ಎಲ್ಲರಿಗಿಂತ ಮುಂಚೆ ಬಂದು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ಹಟ್ಟಿಯವರು ಅವನಿದ್ದ ಕಡೆ ಗುದ್ದಲಿ ಹಾಕುತ್ತಿರಲಿಲ್ಲ. ಅವನೂ ಅವರ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿ, ದಾರಿಯ ಅಂಚಿಗೆ ಬೇಲಿ ಕಟ್ಟುತ್ತ ದೂರ ದೂರವೇ ಇರುತ್ತಿದ್ದ.

ಜುಂಜಣ್ಣ ಆಸ್ಪತ್ರೆಯಿಂದ ಬಂದಿದ್ದ. ಜೀವ ಉಳಿಯಿತು, ಕಾಲೂ ಉಳಿಯಿತು, ಆದರೆ ಆ ಮೊಣಕಾಲು ಮತ್ತೆ ಮಡಿಚಲಿಲ್ಲ. ಫ್ಯಾಕ್ಟರಿ ಕೆಲಸ ಹೋಯಿತು. ಮಂಡಲದಿಂದ ಅವನಿಗೆ ದಾರಿಯ ದೀಪ ಹಚ್ಚಿ ಆರಿಸುವ, ನೀರಿನ ಪಂಪು ನೋಡಿಕೊಳ್ಳುವ ಕೆಲಸ ಕೊಟ್ಟೆವು. ಅದು ಅವನ ಕಾಲಿಗೆ ಬೆಲೆಯಲ್ಲ ಎಂಬುದು ನಮಗೂ ಗೊತ್ತಿತ್ತು.

ಸಂತೆಯ ದಿನ, ಬೆಳಗಿನ ಬಿಸಿಲು. ನಾನು ಬಸ್ಸಿಗೆಂದು ಹೊಸ ದಾರಿಯಲ್ಲಿ ನಡೆದಿದ್ದೆ. ಮುಂದೆ ಈರಮ್ಮ ಅಲಸಂದೆಕಾಯಿಯ ದೊಡ್ಡ ಬುಟ್ಟಿ ಹೊತ್ತು ಹೋಗುತ್ತಿದ್ದರು. ಜೊತೆಗೆ ಜುಂಜಣ್ಣ, ಕೋಲೂರಿಕೊಂಡು, ಒಂದು ಕಾಲು ಎಳೆದುಕೊಂಡು. ಮಗನಿಗೆ ದಣಿವಾಯಿತೆಂದೋ ಏನೋ, ಈರಮ್ಮ ಬುಟ್ಟಿ ಇಳಿಸಿ ನಿಂತರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ಎತ್ತಲು ಹೋದರೆ ಒಬ್ಬರಿಂದಾಗಲಿಲ್ಲ. ಜುಂಜಣ್ಣ ಬಗ್ಗಲಾರ. ನಾನು ಇನ್ನೂ ದೂರದಲ್ಲಿದ್ದೆ. ಹೆಜ್ಜೆ ಬಿರುಸು ಮಾಡಿದೆ.

ಅವರ ಪಕ್ಕದಲ್ಲೇ, ಬೇಲಿಯ ಆಚೆ, ಪರಮೇಶ ಮುಳ್ಳು ಕಟ್ಟುತ್ತಿದ್ದ. ಅವರನ್ನು ಕಂಡು ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಈರಮ್ಮ ಬುಟ್ಟಿ ನೋಡಿದರು, ಮಗನನ್ನು ನೋಡಿದರು, ಆಮೇಲೆ ಆ ಬೆನ್ನನ್ನು ನೋಡಿದರು.

"ಏ, ಇಲ್ ಬಾರಪ್ಪ" ಎಂದು ಕರೆದರು. "ಒಂದ್ ಕೈ ಕೊಡು."

ಪರಮೇಶ ತಿರುಗಿದ. ತನ್ನನ್ನೇ ಕರೆದದ್ದೆಂದು ಅವನಿಗೆ ನಂಬಿಕೆಯಾಗಲಿಲ್ಲವೇನೋ, ಅಲ್ಲೇ ನಿಂತ. ಜುಂಜಣ್ಣ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬೇಲಿಯ ಸಂದಿನಿಂದ ಅವನು ಬರುವಷ್ಟು ಪಕ್ಕಕ್ಕೆ ಸರಿದ. ಪರಮೇಶ ಬಂದ. ಮುಳ್ಳು ಗೀಚಿದ ಕೈಗಳನ್ನು ಪಂಚೆಗೆ ಒರೆಸಿಕೊಂಡು ಬುಟ್ಟಿಯ ಅಂಚು ಹಿಡಿದ. ಈರಮ್ಮ ಇನ್ನೊಂದು ಅಂಚು ಹಿಡಿದರು. ಬುಟ್ಟಿ ತಲೆಯ ಮೇಲೇರಿತು. ಬಟ್ಟೆಯ ಸಿಂಬೆ ಸರಿಯಾಗಿ ಕೂರುವವರೆಗೆ ಅವನು ಕೈ ಬಿಡಲಿಲ್ಲ.

"ಸಾಕು ಬುಡು" ಎಂದರು ಈರಮ್ಮ. ತಾಯಿ ಮಗ ಮುಂದೆ ನಡೆದರು. ಅವರಿಬ್ಬರೂ ರಸ್ತೆ ತಲುಪಿ, ಬಸ್ಸು ಬಂದು, ಕಂಡಕ್ಟರು ಬುಟ್ಟಿ ಇಳಿಸಿಕೊಳ್ಳುವವರೆಗೂ ಪರಮೇಶ ದಾರಿಯ ಮಧ್ಯದಲ್ಲೇ ನಿಂತು ನೋಡುತ್ತಿದ್ದ.